ಬೆಚ್ಚಗಿದ್ದ ಬಾನೆಟ್ಟು

ವರದಾ ನದಿಯ ದಂಡೆಯ ಒಂದು ಊರಿನಲ್ಲಿ ಕೋಟೆಪ್ಪ ಎಂಬ ರೈತನಿದ್ದ. ಗೋವಿನಜೋಳ ಬೆಳೆಯುವ ಹೊಲ, ಕೊಟ್ಟಿಗೆಯಲ್ಲಿ ಒಂದು ಆಕಳು, ಒಂದು ಎತ್ತು. ಜೋಡಿಯ ಇನ್ನೊಂದು ಎತ್ತು ಹಾವು ಕಡಿದು ಸತ್ತಿತ್ತು. ಒಂಟಿ ಎತ್ತಿನಿಂದ ಹೊಲ ಹರಗುವುದು ಹೇಗೆ? ಬಾಡಿಗೆ ಟ್ರ್ಯಾಕ್ಟರಿನವರೋ, ನೆಲ ಹದವಾಗಿದ್ದಾಗ ಫೋನ್ ಎತ್ತುವುದಿಲ್ಲ. ಹದ ಹೋದ ಮೇಲೆ ತಾವಾಗಿಯೇ ಬಂದು ಹಾರ್ನ್ ಬಾರಿಸುತ್ತಾರೆ. ಹಿಂದಿನ ಮುಂಗಾರಿನಲ್ಲಿ ಅವರ ದಾರಿ ಕಾಯುತ್ತಾ ಕೋಟೆಪ್ಪನ ಬಿತ್ತನೆ ತಡವಾಗಿ, ಫಸಲು ಅರ್ಧಕ್ಕೆ ಇಳಿದಿತ್ತು. ಈ ಸಲ ಸ್ವಂತಕ್ಕೊಂದು ಹಳೆಯ ಟ್ರ್ಯಾಕ್ಟರ್ ಕೊಂಡೇ ಬಿತ್ತಬೇಕು ಎಂದು ಅವನು ಗಟ್ಟಿ ಮನಸ್ಸು ಮಾಡಿದ.

ಸಾಲ ಮಾಡುವ ಜಾಯಮಾನ ಅವನದಲ್ಲ. ಕೈಯಲ್ಲಿ ಕೂಡಿಟ್ಟದ್ದು ಒಂದಿಷ್ಟಿತ್ತು. ಉಳಿದ ಎತ್ತು ಕೆಂಚನನ್ನು ಮಾರಿದರೆ ಇನ್ನೊಂದಿಷ್ಟು ಸೇರುತ್ತಿತ್ತು. ಅಷ್ಟು ಹಣಕ್ಕೆ ಸಿಗುವ ಟ್ರ್ಯಾಕ್ಟರ್ ನಂಬಿಕೆಯದಾಗಿರಬೇಕು. ಒಮ್ಮೆ ಮೋಸ ಹೋದರೆ ಇನ್ನೊಂದನ್ನು ಕೊಳ್ಳುವ ಶಕ್ತಿ ಇಲ್ಲ. ಕೊಟ್ಟಿಗೆಯಲ್ಲಿ ಎತ್ತೂ ಇರುವುದಿಲ್ಲ, ಅಂಗಳದಲ್ಲಿ ನಿಂತ ಗಾಡಿಯೂ ಚಾಲೂ ಆಗುವುದಿಲ್ಲ. ಆ ಯೋಚನೆಗೇ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಕೆಂಚ ನೋಡಲು ಚೆಂದದ ಎತ್ತು. ಆದರೆ ಅವನಿಗೆ ಒಂದು ಐಬಿತ್ತು. ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಏಳುವಾಗ ಹಿಂಗಾಲಿನ ಮಂಡಿ ಹಿಡಿದುಕೊಳ್ಳುತ್ತಿತ್ತು. ಎದ್ದ ಮೇಲೂ ಸ್ವಲ್ಪ ಹೊತ್ತು ಕುಂಟುತ್ತಿದ್ದ. ಆಮೇಲೆ ನಡೆದು ನಡೆದು ಕಾಲು ಸಡಿಲಾದರೆ ಯಾವ ಎತ್ತಿಗೂ ಕಡಿಮೆಯಿಲ್ಲ ಎಂಬಂತೆ ಹೆಜ್ಜೆ ಹಾಕುತ್ತಿದ್ದ. ಹೊಳೆಯ ಆಚೆ ದಂಡೆಯ ಮಾಲತೇಶಪ್ಪ ಎಂಬ ಸಣ್ಣ ರೈತ ಎತ್ತು ನೋಡಲು ಬರುತ್ತೇನೆಂದು ಹೇಳಿ ಕಳಿಸಿದಾಗ, ಕೋಟೆಪ್ಪ ಆ ದಿನ ನಸುಕಿನಲ್ಲೇ ಎದ್ದ. ಕೆಂಚನನ್ನು ಬಿಚ್ಚಿಕೊಂಡು ಊರಾಚೆಯ ಹೊಳೆದಂಡೆಯ ಕಾಲುದಾರಿಯಲ್ಲಿ ಅತ್ತಿಂದಿತ್ತ ಅಡ್ಡಾಡಿಸಿ, ಮಾಲತೇಶಪ್ಪ ಬರುವಷ್ಟರಲ್ಲಿ ತಂದು ಕೊಟ್ಟಿಗೆಯಲ್ಲಿ ಕಟ್ಟಿದ.

"ಇಷ್ಟು ನಸುಕಿನಾಗ ಅದನ್ನ ಯಾಕ ಹೊರಗ ಒಯ್ದಿದ್ರಿ?" ಎಂದು ಹೆಂಡತಿ ಗುತ್ತೆವ್ವ ಕೇಳಿದಳು.

"ಹೊಟ್ಟಿ ಉಬ್ಬಿತ್ತು, ಅಡ್ಡಾಡಿಸಿದೆ," ಎಂದ ಕೋಟೆಪ್ಪ. ಗುತ್ತೆವ್ವ ಕೆಂಚನ ಹೊಟ್ಟೆಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು, ರೊಟ್ಟಿ ಬಡಿಯಲು ಒಳಗೆ ಹೋದಳು.

ಮಾಲತೇಶಪ್ಪ ಬಂದ. ಎತ್ತಿನ ಹಲ್ಲು ನೋಡಿದ, ಸುಳಿ ನೋಡಿದ, ಅಂಗಳದಲ್ಲಿ ನಡೆಸಿಯೂ ನೋಡಿದ. ಕೆಂಚ ರಾಜಗಾಂಭೀರ್ಯದಿಂದ ನಡೆದ. ಎತ್ತು ಮಾರಿ ಟ್ರ್ಯಾಕ್ಟರ್ ಕೊಳ್ಳುವುದಾಗಿ ಕೋಟೆಪ್ಪ ಹೇಳಿದ. ಬೆಲೆ ಕುದುರಿತು. ಮಾಲತೇಶಪ್ಪ ಮುಂಗಡ ಕೊಟ್ಟು, ಬರುವ ಸೋಮವಾರ ಉಳಿದ ಹಣ ತಂದು ಎತ್ತು ಹೊಡೆದುಕೊಂಡು ಹೋಗುತ್ತೇನೆ ಎಂದ. ಹೋಗುವಾಗ ಇನ್ನೇನೋ ಹೇಳುವವನ ಹಾಗೆ ಬಾಗಿಲಲ್ಲಿ ನಿಂತ, ಆಮೇಲೆ ಹೇಳದೆ ಹೊರಟುಹೋದ. ಕೋಟೆಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಆಗಲೇ ಟ್ರ್ಯಾಕ್ಟರ್ ಓಡುತ್ತಿತ್ತು.

ಮರುದಿನವೇ ಮೊದಲ ಬಸ್ಸು ಹಿಡಿದು ಪೇಟೆಗೆ ಹೋದ. ಬೈಪಾಸ್ ರಸ್ತೆಯ ಪಕ್ಕದಲ್ಲಿ ರುದ್ರೇಶ ಎಂಬುವನು ಹಳೆಯ ಟ್ರ್ಯಾಕ್ಟರ್ ಮಾರುವ ಅಂಗಡಿ ಇಟ್ಟಿದ್ದ. ತಗಡಿನ ನೆರಳಿನಲ್ಲಿ ಸಾಲಾಗಿ ಗಾಡಿಗಳು ನಿಂತಿದ್ದವು. ಕೋಟೆಪ್ಪನ ಬಜೆಟ್ಟು ಕೇಳಿದ ಕೂಡಲೇ ರುದ್ರೇಶ ಅವನನ್ನು ಕೆಂಪಗೆ ಮಿರಿಮಿರಿ ಮಿಂಚುವ ಒಂದರ ಮುಂದೆ ನಿಲ್ಲಿಸಿದ.

"ನಿಮ್ಮ ನಸೀಬು ಚಲೋ ಐತಿ ಯಜಮಾನ್ರ. ಒಬ್ಬರ ಕೈಯಾಗ ಓಡಿದ ಗಾಡಿ. ಕೀಲಿ ತಿರುವಿದ್ರ ಸಾಕು, ಹೂಂ ಅಂತೈತಿ. ನೋಡ್ರಿ ಬೇಕಾರ."

ರುದ್ರೇಶ ಕೀಲಿ ತಿರುವಿದ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಹೊಗೆಯೂ ಹೆಚ್ಚಿಲ್ಲ, ಸದ್ದೂ ಹದವಾಗಿದೆ. ಕೋಟೆಪ್ಪನ ಮನಸ್ಸು ಉಬ್ಬಿತು. ಹೊಸ ಬಣ್ಣ, ಹೊಸ ಸೀಟು, ಬೆಲೆಯೂ ಕೈಗೆಟುಕುವಂಥದು. ಎತ್ತಿನ ಬೆನ್ನು ಸವರುವ ಹಳೆಯ ರೂಢಿಯಿಂದ, ಗಾಡಿ ಬಂದ್ ಮಾಡಿದ ಮೇಲೆ ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

ಬಾನೆಟ್ಟು ಬಿಸಿಯಾಗಿತ್ತು. ಈಗಷ್ಟೇ ಒಂದು ಗಳಿಗೆ ಓಡಿದ ಎಂಜಿನ್ ಇಷ್ಟು ಬಿಸಿಯಾಗುವುದಿಲ್ಲ. ನೆರಳಿನಲ್ಲಿ ನಿಂತ ಗಾಡಿಗೆ ಬಿಸಿಲು ತಾಗಿದ್ದೂ ಇಲ್ಲ. ಕೋಟೆಪ್ಪನಿಗೆ ಒಳಗೊಳಗೇ ಏನೋ ಕಚ್ಚಿದಂತಾಯಿತು. ಆದರೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

"ಇದು ಪೂರಾ ಆರಿದ ಮ್ಯಾಲ ಇನ್ನೊಮ್ಮೆ ಚಾಲೂ ಮಾಡಿ ತೋರಸ್ರಿ," ಎಂದ.

"ಆರೂದಕ್ಕ ಹೊತ್ತು ಹಿಡಿತೈತ್ರಿ. ಇನ್ನೊಂದು ಪಾರ್ಟಿ ಮುಂಗಡ ಹಿಡಕೊಂಡು ಬರಾಕ ಹತ್ತೈತಿ. ಆಮ್ಯಾಲ ಕೈ ತಪ್ಪಿತು ಅನಬ್ಯಾಡ್ರಿ."

"ತಪ್ಪಿದ್ರ ತಪ್ಪಲಿ. ನಾ ಕುಂದರ್ತೀನಿ."

ಕೋಟೆಪ್ಪ ಎದುರಿನ ಬೇವಿನ ಮರದ ಕೆಳಗೆ ಟವೆಲ್ಲು ಹಾಸಿ ಕುಳಿತೇಬಿಟ್ಟ. ಎಲೆ ಅಡಿಕೆ ಹಾಕಿಕೊಂಡ. ಬುತ್ತಿ ಬಿಚ್ಚಿ ರೊಟ್ಟಿ ತಿಂದ. ರುದ್ರೇಶ ಚಹಾ ಕಳಿಸಿದ, ಬೇರೆ ಗಾಡಿ ತೋರಿಸುತ್ತೇನೆ ಎಂದ, ಆಮೇಲೆ ಸಿಡಿಮಿಡಿಯಾದ. ಕೋಟೆಪ್ಪ ಜಪ್ಪಯ್ಯ ಅಂದರೂ ಕದಲಲಿಲ್ಲ. ಮುಂಗಡ ಹಿಡಿದುಕೊಂಡು ಬರುವ ಪಾರ್ಟಿಯೂ ಬರಲಿಲ್ಲ. ಇಳಿಹೊತ್ತಿಗೆ ಬಾನೆಟ್ಟು ಪೂರ್ತಿ ತಣ್ಣಗಾದಾಗ, ವಿಧಿಯಿಲ್ಲದೆ ರುದ್ರೇಶ ಮತ್ತೆ ಕೀಲಿ ತಿರುವಿದ. ಗಾಡಿ ಗೊರಗೊರ ಅಂದಿತು. ಮತ್ತೆ ತಿರುವಿದ, ಮತ್ತೆ ಗೊರಗೊರ. ಬ್ಯಾಟರಿ ಸೋಲುವ ಹೊತ್ತಿಗೆ ಹೇಗೋ ಕೆಮ್ಮಿ ಎದ್ದು, ಅಂಗಡಿಯ ತುಂಬ ದಟ್ಟ ಹೊಗೆ ಕಾರಿತು.

ಕೋಟೆಪ್ಪನಿಗೆ ಪಿತ್ತ ನೆತ್ತಿಗೇರಿತು. "ನಾ ಬರೂಕಿಂತ ಮೊದಲು ಬಿಸಿ ಮಾಡಿ ಇಟ್ಟಿದ್ದೇನು? ಮಳಿಗಾಲದ ಮುಂಜಾನಿ ಹೊಲದಾಗ ಇದು ಏಳದಿದ್ರ ನಾ ಯಾರ ಮನಿ ಬಾಗಲಕ್ಕ ಹೋಗ್ಲಿ? ಒಬ್ಬ ರೈತನ ವರ್ಷ ಹಾಳಾಗ್ತೈತಿ ಅನ್ನೂ ಖಬರು ಬ್ಯಾಡಾ ನಿನಗ?"

ರುದ್ರೇಶ ಬೈಗುಳಕ್ಕೆ ಹೆದರುವ ಆಸಾಮಿಯಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ಕೈ ಒರೆಸಿಕೊಳ್ಳುತ್ತಾ ನಕ್ಕ.

"ದಿನಾ ಮುಂಜಾನಿ ಬಿಸಿ ಮಾಡೇ ಇಡ್ತೀನಿ. ಎಷ್ಟೋ ಮಂದಿ ಬಂದು ನೋಡಿ ಹೋದ್ರು ಯಜಮಾನ್ರ. ಬಣ್ಣ ನೋಡಿದ್ರು, ಟೈರ್ ಒದ್ದು ನೋಡಿದ್ರು. ಹಿಂಗ ಕೈ ಇಟ್ಟು ನೋಡಿದವರು ನೀವ ಮೊದಲು. ಈ ಆಟ ನಿಮಗ ಹೆಂಗ ತಿಳೀತು? ನೀವೂ ಏನರ ಹಿಂಗ ಮಾರಿದವರ ಇರಬೇಕು."

ಕೋಟೆಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿ ಬಸ್ ನಿಲ್ದಾಣದ ಕಡೆ ನಡೆದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವನಿಗೆ ಹೊರಗಿನ ಹೊಲಗಳು ಕಾಣಲಿಲ್ಲ. ಕೆಂಚ ಕಂಡ, ಮಾಲತೇಶಪ್ಪ ಕಂಡ. ಮಾಲತೇಶಪ್ಪನೂ ತನ್ನ ಹಾಗೇ ಲೆಕ್ಕ ಹಾಕಿ ಕೊಳ್ಳುವವನು. ಅವನಿಗೂ ಎರಡನೇ ಸಲ ಕೊಳ್ಳುವ ಶಕ್ತಿಯಿಲ್ಲ. ತಾನು ರುದ್ರೇಶನಿಗೆ ಬೈದ ಒಂದೊಂದು ಮಾತನ್ನೂ ಮಾಲತೇಶಪ್ಪ ತನಗೆ ಬೈಯಬಹುದಿತ್ತು. ಹೀಗೆ ಅನ್ನಿಸಿದಾಗ ಕೋಟೆಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಆದರೆ ನಾಚಿಕೆಯಾದಷ್ಟು ಸುಲಭವಾಗಿ ಬಾಯಿ ಬಿಡುವುದಕ್ಕೆ ಆಗುವುದಿಲ್ಲ. ಐಬು ಹೇಳಿದರೆ ಎತ್ತಿನ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಟ್ರ್ಯಾಕ್ಟರಿನ ಆಸೆ ಬಿಡಬೇಕು, ಮತ್ತೆ ಬಾಡಿಗೆಯವರ ದಾರಿ ಕಾಯಬೇಕು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರದವರೆಗೆ ಕೋಟೆಪ್ಪ ಈ ಎರಡರ ನಡುವೆ ತೂಗಾಡಿದ. ಗುತ್ತೆವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡ. ಅವಳು ಕೇಳಿದ್ದು ಒಂದೇ ಮಾತು.

"ಆ ಕೆಂಪು ಗಾಡಿ ನೀವು ತಂದಿದ್ರ, ರುದ್ರೇಶಗ ಏನಂತಿದ್ರಿ?"

ಸೋಮವಾರ ಬಂತು. ಆ ದಿನ ಕೋಟೆಪ್ಪ ಕೆಂಚನನ್ನು ಅಡ್ಡಾಡಿಸಲಿಲ್ಲ. ಮಾರಿದ ಎತ್ತಿಗೆ ಹಳೆಯ ಮನೆಯ ಹಗ್ಗ ಕೊಡುವುದಿಲ್ಲವಲ್ಲ, ಅದಕ್ಕೆ ಮಾಲತೇಶಪ್ಪ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಗುತ್ತೆವ್ವ ಇನ್ನೂ ಮಲಗಿಯೇ ಇದ್ದ ಎತ್ತಿನ ಹಣೆಗೆ ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಲತೇಶಪ್ಪ ಹಗ್ಗ ಹಾಕಲು ಬಾಗಿದಾಗ ಕೋಟೆಪ್ಪ ಅವನ ಕೈ ಹಿಡಿದ.

"ತಡಿ ತಮ್ಮಾ. ಮೊದಲು ಇವನು ಏಳೂದು ನೋಡು."

ಮಲಗಿದ್ದ ಕೆಂಚನನ್ನು ಎಬ್ಬಿಸಿದ. ಕೆಂಚ ತಡಬಡಿಸಿ ಎದ್ದ, ಹಿಂಗಾಲು ಎಳೆಯುತ್ತಾ ಬಾಗಿಲವರೆಗೆ ಬಂದ.

"ದಿನಾ ಮುಂಜಾನಿ ಹಿಂಗ. ಅಡ್ಡಾಡಿಸಿದ ಮ್ಯಾಲ ಸರಿ ಆಗ್ತಾನ. ಆ ದಿನ ನೀ ಬರೂಕಿಂತ ಮೊದಲು ನಾನ ಅಡ್ಡಾಡಿಸಿ ಕಟ್ಟಿದ್ದೆ. ಬ್ಯಾಡಂದ್ರ ನಿನ್ನ ಮುಂಗಡ ತಗೊಂಡು ಹೋಗು. ತಪ್ಪು ನಂದು."

ಮಾಲತೇಶಪ್ಪ ಎತ್ತಿನ ಹಿಂಗಾಲಿನ ಮಂಡಿಯನ್ನು ಒತ್ತಿ ನೋಡಿದ. ಆಮೇಲೆ, "ನನ್ನ ಕೆಲಸ ಹಗುರದ್ದು. ಕಳೆ ತಗಿಯೂ ಎಡೆಕುಂಟೆ ಎಳೆದ್ರ ಸಾಕು," ಎಂದ. ಬೆಲೆ ಸ್ವಲ್ಪ ಇಳಿಸಿ ಹೇಳಿದ. ಕೋಟೆಪ್ಪ ಒಪ್ಪಿದ. ಹಗ್ಗ ಕಟ್ಟಿಕೊಂಡು ಹೊರಡುವಾಗ ಮಾಲತೇಶಪ್ಪ ತಿರುಗಿ ನಿಂತು ಕೇಳಿದ:

"ಟ್ರ್ಯಾಕ್ಟರ್ ಸಿಕ್ತೇನು ಕೋಟೆಪ್ಪಣ್ಣ?"

"ಎಲ್ಲೀದು."

"ನಮ್ಮ ಅಕ್ಕ ಶಿವಗಂಗವ್ವಂದು ಒಂದೈತಿ. ಮಕ್ಕಳು ದೊಡ್ಡ ಗಾಡಿ ತಂದಾರ, ಹಳೇದು ಮಾರ್ತಾರ. ನೋಡಾಕ ಚೆಂದಿಲ್ಲ. ನಾಳೆ ನಸುಕಿನಾಗ ಬಾ."

ಶಿವಗಂಗವ್ವನ ಅಂಗಳದಲ್ಲಿ ನಿಂತಿದ್ದ ಗಾಡಿಯ ಬಣ್ಣ ಮಾಸಿ, ಅದು ಮೊದಲು ನೀಲಿಯೋ ಹಸಿರೋ ಎಂದು ಹೇಳುವಂತಿರಲಿಲ್ಲ. ಆಕೆ ಕೋಟೆಪ್ಪನಿಗೆ ಗಾಡಿಯ ಗುಣಗಾನ ಮಾಡಲಿಲ್ಲ. ಕುಂದುಗಳನ್ನೇ ಮೊದಲು ಹೇಳಿದಳು.

"ಹಿಂದಿನ ಎಡಗಡೆ ಟೈರ್ ಈ ಮಳಿಗಾಲ ಬಾಳಿದ್ರ ಹೆಚ್ಚು. ನೇಗಿಲ ಎತ್ತಿ ನಿಲ್ಲಿಸಿದ್ರ ಸಾವಕಾಶ ತಾನ ಇಳಿತೈತಿ, ಅದನ್ನ ರಿಪೇರಿ ಮಾಡಿಸಬೇಕು. ಹಾರ್ನ್ ಇಲ್ಲ, ಮುಂದ ಯಾರರ ಬಂದ್ರ ನೀನ ಕೂಗಬೇಕು. ಎಂಜಿನ್ ಮಾತ್ರ ಬಂಗಾರ. ನಿನ್ನೆಯಿಂದ ಯಾರೂ ಮುಟ್ಟಿಲ್ಲ. ಕೈ ಇಟ್ಟು ನೋಡಿ ನೀನ ಚಾಲೂ ಮಾಡಪ್ಪ."

ಕೋಟೆಪ್ಪ ಕೈ ಇಟ್ಟು ನೋಡಿದ. ಬಾನೆಟ್ಟು ಇಬ್ಬನಿಯಿಂದ ತಣ್ಣಗೆ ಒದ್ದೆಯಾಗಿತ್ತು. ಕೀಲಿ ತಿರುವಿದ. ಗಾಡಿ ಒಂದು ಸಲ ಹೊಗೆ ಬಿಟ್ಟು, ಎದ್ದು, ಒಂದೇ ಸಮ ಗುಡುಗುಡು ಎನ್ನತೊಡಗಿತು. ಎಣ್ಣೆಯ ಕಡ್ಡಿ ಎಳೆದು ನೋಡಿದ, ಕಾಗದಪತ್ರ ಯಾರ ಹೆಸರಲ್ಲಿವೆ ಎಂದು ಕೇಳಿ ನೋಡಿದ, ಹೊಲಕ್ಕೆ ಒಯ್ದು ನೇಗಿಲು ಹಾಕಿ ಗಟ್ಟಿ ನೆಲದಲ್ಲಿ ಒಂದು ಸುತ್ತು ಎಳೆಸಿದ. ಗಾಡಿ ಎಲ್ಲೂ ಏದುಸಿರು ಬಿಡಲಿಲ್ಲ. ಟೈರಿನ ಮತ್ತು ರಿಪೇರಿಯ ಖರ್ಚನ್ನು ಶಿವಗಂಗವ್ವ ತಾನಾಗಿಯೇ ಬೆಲೆಯಲ್ಲಿ ಮುರಿದಿದ್ದಳು. ಹಾಗಾಗಿ ಎತ್ತಿಗೆ ಸಿಕ್ಕ ಕಡಿಮೆ ಹಣದಲ್ಲೂ ವ್ಯಾಪಾರ ಕೂಡಿಬಂತು.

ಮುಂಗಾರು ಬಿತ್ತು. ಹದ ಬಂದ ದಿನವೇ ಕೋಟೆಪ್ಪನ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯಿತು. ಹೊಳೆ ದಾಟಿ ಈ ಕಡೆ ಬಂದಿದ್ದ ಮಾಲತೇಶಪ್ಪ ಬದುವಿನ ಮೇಲೆ ಕುಳಿತು ನೋಡುತ್ತಿದ್ದ. ಕೋಟೆಪ್ಪ ಗಾಡಿ ನಿಲ್ಲಿಸಿ ಬಂದು, ಎಲೆ ಅಡಿಕೆ ಕೊಟ್ಟು, ಸ್ವಲ್ಪ ಬೀಗುತ್ತಲೇ ಹೇಳಿದ: "ನೋಡು ಮಾಲತೇಶಪ್ಪ, ನಾ ಇದ್ದದ್ದು ಇದ್ದಂಗ ಹೇಳಿದೆ. ಅದಕ್ಕ ದೇವ್ರು ಕಣ್ಣು ತೆರೆದ."

ಮಾಲತೇಶಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ: "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನೀ ಎತ್ತು ಅಡ್ಡಾಡಿಸಿ ಕಟ್ಟಿದ್ದು ಮೊದಲ ದಿನಾನ ನನಗ ಗೊತ್ತಾಗಿತ್ತು. ರಾತ್ರಿಯೆಲ್ಲ ಕೊಟ್ಟಿಗ್ಯಾಗ ಮಲಗಿದ ಎತ್ತಿನ ಗೊರಸಿಗೆ ಹಸಿ ಕೆಸರು ಹತ್ತಿತ್ತು. ಬಾಜೂಕಿದ್ದ ಆಕಳ ಗೊರಸು ಒಣಗಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಎತ್ತು ನನಗ ನಡೀತಿತ್ತು. ನೀ ಎಂಥಾ ಮನಶ್ಯಾ ಅಂತ ತಿಳೀಲಿಲ್ಲ. ಅಕ್ಕನ ಗಾಡಿ ಮಾರೂದೈತಿ ಅಂತ ಆ ದಿನಾನ ನಿನಗ ಹೇಳಬೇಕಂತ ಬಾಗಲದಾಗ ನಿಂತಿದ್ದೆ ಅಣ್ಣ. ಗೊರಸು ನೆನಪಾಗಿ ಬಾಯಿ ಮುಚ್ಚಿಕೊಂಡೆ."

ಕೋಟೆಪ್ಪನ ಜಂಬ ಇಳಿಯಿತು. ಯಾರೂ ನೋಡಲಿಲ್ಲ ಎಂದುಕೊಂಡಿದ್ದ ಆ ನಸುಕಿನ ತಿರುಗಾಟ, ಮನೆ ಬಾಗಿಲಿಗೆ ಬಂದಿದ್ದ ಒಳ್ಳೆಯ ಗಾಡಿಯನ್ನು ಹಾಗೇ ವಾಪಸು ಕಳಿಸಿತ್ತು. ಎತ್ತು ಒಯ್ಯುವ ದಿನವೂ ತಾನು ಬಾಯಿ ಬಿಡದಿದ್ದರೆ, ಅದು ಇನ್ನೆಂದಿಗೂ ಬರುತ್ತಿರಲಿಲ್ಲ. ಅವನು ಮಾಲತೇಶಪ್ಪನ ಹೆಗಲ ಮೇಲೆ ಕೈ ಇಟ್ಟ. ಆಮೇಲೆ ಎದ್ದು ಹೋಗಿ ಉಳಿದ ಹೊಲವನ್ನು ಹರಗಿದ.

ನೀತಿ: ಕೊಳ್ಳುವಾಗ ನಾವು ಯಾವ ಸತ್ಯವನ್ನು ಕೇಳಲು ಬಯಸುತ್ತೇವೆಯೋ, ಮಾರುವಾಗ ಅದೇ ಸತ್ಯವನ್ನು ನಾವಾಗಿಯೇ ಹೇಳಬೇಕು. ನಾವು ಮುಚ್ಚಿಟ್ಟ ಐಬನ್ನು ಎದುರಿನವರು ಎಷ್ಟೋ ಸಲ ಕಂಡಿರುತ್ತಾರೆ, ಆದರೆ ಹೇಳುವುದಿಲ್ಲ. ನಮ್ಮನ್ನು ನಂಬುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ.