ಮಂತ್ರಿ ಒಯ್ದ ನೀರು

"ಗುರುಗಳೇ, ಜಗಳವಾಡುತ್ತಿರುವ ಎರಡು ಊರುಗಳಿಗೆ ರಾಜಿ ಮಾಡಿಸಲು ನಾಳೆ ಹೊರಡುತ್ತಿದ್ದೀರಿ. ಪಲ್ಲಕ್ಕಿ, ಕೊಂಬಿನವರು, ಅಡುಗೆಯವರು, ಕುಡಿಯಲು ನಮ್ಮ ಮಠದ ಬಾವಿಯದೇ ನೀರು, ಎಲ್ಲ ಸಿದ್ಧವಾಗಿದೆ. ಇನ್ನೇನಾದರೂ ಬೇಕೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳ ಮುಖ ಕೆಂಪಾಯಿತು. "ಆಗಿದ್ದೇ ಬೇಕಾದಷ್ಟಾಯಿತು. ಕೂತು ಕತೆ ಕೇಳು," ಎಂದರು.

ಒಂದು ರಾಜ್ಯದ ಅಂಬಿಗರು ಗಾಳಿಗೆ ಸಿಕ್ಕಿ ಹೊಳೆಯ ಆಚೆ ದಡ ಸೇರಿದರು. ಆಚೆಯ ಅರಸನ ದಂಡಿನವರು ಅವರನ್ನು ಗೂಢಚಾರರೆಂದು ಹಿಡಿದು ಸೆರೆಗೆ ಹಾಕಿದರು. ಬಿಡಿಸಿಕೊಂಡು ಬಾ ಎಂದು ಈಚೆಯ ಅರಸ ಒಬ್ಬ ದೂತನನ್ನು ಕಳಿಸಿದ. ದೂತ ಹೋದ, ಬೈಸಿಕೊಂಡ, ಮತ್ತೆ ಹೋದ. ಅಂಬಿಗರ ಹೆಂಡಿರಿಗೆ ಅವನು ಮಾತು ಕೊಟ್ಟಿದ್ದ. ಕಡೆಗೆ ಆಚೆಯ ಅರಸನ ಮನಸ್ಸು ಕರಗಿತು. ಆದರೆ ಸುಮ್ಮನೆ ಬಿಟ್ಟರೆ ಅವನ ದಂಡಿನವರೇ ಅವನ ಮೇಲೆ ತಿರುಗಿ ಬೀಳುತ್ತಿದ್ದರು.

"ನಮ್ಮಲ್ಲೊಂದು ಪದ್ಧತಿಯಿದೆ," ಎಂದ ಆ ಅರಸ. "ಹೊಸ್ತಿಲಲ್ಲಿ ನಿಂತು ನೀರು ಕೇಳಿ ಕುಡಿದವನು ಆಮೇಲೆ ಏನು ಕೇಳಿದರೂ ಮನೆಯವರು ಇಲ್ಲ ಎನ್ನುವಂತಿಲ್ಲ. ನಿಮ್ಮ ಮಂತ್ರಿ ಬಂದು ಮೊದಲು ನೀರು ಕೇಳಲಿ, ಆಮೇಲೆ ಅಂಬಿಗರನ್ನು ಕೇಳಲಿ. ಆಗ ಯಾರೂ ತುಟಿ ಬಿಚ್ಚುವುದಿಲ್ಲ."

ದೂತ ಓಡೋಡಿ ಬಂದು ತನ್ನ ಅರಸನಿಗೂ ಮಂತ್ರಿಗೂ ಇದನ್ನು ಹೇಳಿದ. ಮಂತ್ರಿಯ ಪ್ರಯಾಣದ ಏರ್ಪಾಡು ನೋಡುತ್ತಿದ್ದವನೊಬ್ಬ ಪಾರುಪತ್ಯಗಾರ. ಆ ಪುಣ್ಯಾತ್ಮನಿಗೆ ಏನು ಹೇಳಲಿ! ಆನೆ ಸಿಂಗರಿಸಿದ, ನಗಾರಿ ಕಟ್ಟಿಸಿದ. ಪರಸ್ಥಳದಲ್ಲಿ ಮಂತ್ರಿಗೆ ಬಾಯಾರಬಾರದೆಂದು ಬೆಳ್ಳಿಯ ಕೊಡದಲ್ಲಿ ಊರಿನ ನೀರನ್ನೂ ತುಂಬಿಸಿದ.

"ಸ್ವಾಮಿ, ಅದೊಂದು ಕೊಡವನ್ನಾದರೂ ಬಿಟ್ಟು ಹೊರಡಿ," ಎಂದು ದೂತ ಅಂಗಲಾಚಿದ.

"ನಾನೇನು ಕಂಡವರ ಬಾಗಿಲಲ್ಲಿ ನೀರಿಗೆ ಕೈಯೊಡ್ಡುವ ಭಿಕಾರಿಯೇನಯ್ಯಾ?" ಎಂದ ಮಂತ್ರಿ.

ದೂತನಿಗೆ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿ, ಆನೆಯ ಹಿಂದೆ ಧೂಳು ತಿನ್ನುತ್ತ ನಡೆದ.

ಆಚೆಯ ಅರಸ ತಾನೇ ಚೊಂಬು ಹಿಡಿದು ಅರಮನೆಯ ಹೊಸ್ತಿಲಲ್ಲಿ ಕಾದಿದ್ದ. ಮಂತ್ರಿ ಆನೆಯಿಂದ ಇಳಿದದ್ದೇ ತಡ, ಪಾರುಪತ್ಯಗಾರ ನುಗ್ಗಿ ಬಂದು ಊರ ನೀರಿನ ಲೋಟವನ್ನು ಕೈಗಿಟ್ಟ. ಮಂತ್ರಿ ಅರಸನ ಎದುರಿಗೇ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, "ಎಲ್ಲಿ, ನಮ್ಮ ಅಂಬಿಗರನ್ನು ಬಿಡಿ," ಎಂದ. ದಂಡಿನವರು ಗೊಳ್ಳೆಂದು ನಕ್ಕರು. ಅರಸ ಚೊಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿ ಬಾಗಿಲು ಹಾಕಿಕೊಂಡ.

ಈಚೆ ದಡದಲ್ಲಿ ಅಂಬಿಗರ ಹೆಂಡಿರು ನಿಂತಿದ್ದರು. ಮಂತ್ರಿಯ ಸ್ವಾಗತಕ್ಕೆ ಆರತಿಯೂ ಸಿದ್ಧವಿತ್ತು. ಆ ನಾಚಿಕೆಗೆಟ್ಟವನು ನಿಂತು ಬೆಳಗಿಸಿಕೊಂಡ! "ನಮ್ಮವರೆಲ್ಲಣ್ಣಾ?" ಎಂದು ಒಬ್ಬಳು ದೂತನನ್ನು ಕೇಳಿದಳು. ದೂತ ಬೆಳ್ಳಿಯ ಕೊಡವನ್ನು ಆನೆಯ ಮೇಲಿನಿಂದ ಎಳೆದು ಹೊಳೆಗೆ ಎಸೆದ. ಎಸೆದು ಏನು ಬಂತು? ಅಂಬಿಗರು ಸೆರೆಯಲ್ಲೇ ಮುದುಕರಾದರು.

ಕತೆ ಮುಗಿದರೂ ಗುರುಗಳ ಸಿಟ್ಟು ಇಳಿದಿರಲಿಲ್ಲ. "ಏರ್ಪಾಡಂತೆ, ಏರ್ಪಾಡು!" ಎಂದು ಗುಡುಗಿದರು.

"ಹಾಗಾದರೆ ನಾಳೆಗೆ ಏನು ಮಾಡಲಿ, ಗುರುಗಳೇ?" ಎಂದು ಚೆನ್ನವೀರ ಮೆಲ್ಲಗೆ ಕೇಳಿದ.

"ಪಲ್ಲಕ್ಕಿಯಲ್ಲಿಟ್ಟ ನೀರನ್ನು ಗಿಡಕ್ಕೆ ಸುರಿದು ಬಾ, ನಾಳೆ ನನಗೆ ಬಾಯಾರಬೇಕು."