ಚೆಕ್‌ಪೋಸ್ಟಿನ ಲಾಠಿ ಮತ್ತು ಕುರಿಗಾಹಿಯ ಚಾಕು

ಕುರಿಗಾಹಿ ಮಾಳಿಂಗನ ಸೊಂಟದ ಚೀಲದಲ್ಲಿದ್ದ ಮಡಚುವ ಚಾಕು ಊರೂರು ಅಲೆದಿತ್ತು. ಎಲ್ಲಿಯೂ ಅದನ್ನು ಯಾರೂ ತಡೆದಿರಲಿಲ್ಲ. ಈ ಪೇಟೆಯ ಚೆಕ್‌ಪೋಸ್ಟಿನಲ್ಲಿ ಮಾತ್ರ ಲಾಠಿ ಅಡ್ಡ ಬಂತು.

“ನಮ್ಮ ಗಡಿಯೊಳಗೆ ಅಲಗು ಇದ್ದವರೆಲ್ಲ ಅಪರಾಧಿಗಳು. ಜಪ್ತಿ ಪೆಟ್ಟಿಗೆಗೆ ನಡೆ.”

“ಅಯ್ಯಾ, ನಾನು ಕುರಿಗೆ ಜಾಲಿಸೊಪ್ಪು ಕೊಯ್ಯುತ್ತೇನೆ, ಗೊರಸಿನ ಮುಳ್ಳು ತೆಗೆಯುತ್ತೇನೆ, ಆಗತಾನೆ ಹುಟ್ಟಿದ ಮರಿಯ ಹೊಕ್ಕುಳಬಳ್ಳಿ ಕತ್ತರಿಸುತ್ತೇನೆ. ಒಬ್ಬರ ಮೈಮೇಲೂ ಗೀರು ಎಳೆದಿಲ್ಲ. ತಾವು ಎಷ್ಟು ಬೆನ್ನಿನ ರುಚಿ ನೋಡಿದ್ದೀರಿ?” ಎಂದಿತು ಚಾಕು.

“ನನ್ನ ವಿಷಯ ಕಾನೂನಿನಲ್ಲಿಲ್ಲ” ಎಂದು ಲಾಠಿ ಚಾಕುವನ್ನು ಪೆಟ್ಟಿಗೆಗೆ ತಳ್ಳಿತು.

ಅಷ್ಟರಲ್ಲಿ, ಮುಂದೆ ಹೋಗಲಾಗದೆ ಒತ್ತೊತ್ತಾಗಿ ನಿಂತ ಹಿಂಡಿನಲ್ಲಿ ಗಬ್ಬದ ಕುರಿಯೊಂದರ ಕುತ್ತಿಗೆ ಚೆಕ್‌ಪೋಸ್ಟಿನ ಅಡ್ಡಗಂಬ ಎತ್ತುವ ಹಗ್ಗಕ್ಕೆ ಸಿಕ್ಕಿಕೊಂಡಿತು. ಒದ್ದಾಡಿದಷ್ಟೂ ಹಗ್ಗ ಬಿಗಿದುಕೊಂಡಿತು. ಮಾಳಿಂಗನ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಗಿ ಬರಿದೇ ಹಿಂದಿರುಗಿತು. ಲಾಠಿ ಹಗ್ಗದ ಮೇಲೆ ಬಾರಿಸಿತು, ಗಂಟಿನೊಳಗೆ ತೂರಿ ಮೀಟಿತು. ಉರುಳು ಇನ್ನಷ್ಟು ಬಿಗಿಯಾಯಿತು.

“ಬಿಡಿ ನನ್ನನ್ನು, ಕ್ಷಣದ ಕೆಲಸ” ಎಂದು ಚಾಕು ಪೆಟ್ಟಿಗೆಯೊಳಗಿಂದ ಬೇಡಿತು.

“ಇಲ್ಲಿ ನೀನು ಅಲಗು ಬಿಚ್ಚುವಂತಿಲ್ಲ” ಎಂದಿತು ಲಾಠಿ.

ಕುರಿಯ ಕಾಲುಗಳು ಸುಮ್ಮನಾದವು. ಆಮೇಲೆ ದಾರಿ ತೆರವು ಮಾಡಬೇಕಲ್ಲ, ಲಾಠಿಯೇ ಪೆಟ್ಟಿಗೆ ತೆರೆದು ಚಾಕುವನ್ನು ಕರೆಯಿತು. ಚಾಕು ಒಂದೇ ಎಳೆತಕ್ಕೆ ಹಗ್ಗ ಕೊಯ್ದಿತು. ಸತ್ತ ಕುರಿ ಮಾಳಿಂಗನ ತೋಳಿಗೆ ಬಿತ್ತು.

ಲಾಠಿ ತುಂಡಾದ ಹಗ್ಗವನ್ನೇ ದಿಟ್ಟಿಸಿ ನೋಡಿ ಹೇಳಿತು: “ಎಷ್ಟು ಹರಿತವಾಗಿದ್ದೀಯ ನೋಡು. ಇದಕ್ಕೇ ನಿನ್ನನ್ನು ಒಳಗಿಡುವುದು.”