ಬಲಗಾಲಿನ ಗುರುತು

“ಯಾರಪಾ ಅದು, ಕುಂಕುಮ ತುಳಕೋತ ಬಂದಾಂವ? ಈಗರ ತೊಳದೀನಿ ಅಂಗಳಾನ!”

ಕಸಬರಿಗೆ ಎತ್ತಿಕೊಂಡು ಸಾವಂತ್ರೆವ್ವ ಕೂಗಿದಳು. ಕಲ್ಲಹೊಳೆ ಮಠದಲ್ಲಿ ಕಸ ಹೊಡೆಯುವ ಮುದುಕಿ.

ಮುರಿಗೆಪ್ಪ ಹಿಂತಿರುಗಿ ನೋಡಿದ. ಹೆಬ್ಬಾಗಿಲಿನಿಂದ ಅವನು ನಿಂತ ಜಾಗದವರೆಗೆ ಹಾಸುಗಲ್ಲಿನ ಮೇಲೆ ಕೆಂಪು ಗುರುತು. ಎಲ್ಲವೂ ಬಲಗಾಲಿನವು. ಎಡಗಾಲಿನದು ಒಂದೂ ಇಲ್ಲ.

ಕುಂಕುಮವಲ್ಲ ಅದು.

ಅವನಿಗೆ ನೋವಿರಲಿಲ್ಲ. ಅದೇ ಅವನನ್ನು ಹೆದರಿಸಿತು. ಅಣ್ಣನಿಗೂ ನೋವಿರಲಿಲ್ಲ.

ಅಣ್ಣ ಕಲ್ಲಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳಿಗೆ ಮುಳ್ಳು ನೆಟ್ಟದ್ದು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಟ್ಟೆ ಸುತ್ತಿ ಮುಚ್ಚಿಟ್ಟ. ಮನೆಯಲ್ಲಿ ನಾತ ಹಬ್ಬಿದಾಗ ದವಾಖಾನೆಗೆ ಹೊತ್ತರು. ಮೊದಲು ಬೆರಳು ತೆಗೆದರು. ಆಮೇಲೆ ಪಾದ. ಆಮೇಲೆ ಮೊಣಕಾಲಿನವರೆಗೆ. ನಾಲ್ಕನೆಯ ತಿಂಗಳಿಗೆ ಕಲ್ಲಪ್ಪ ಇರಲಿಲ್ಲ.

ಅಣ್ಣತಮ್ಮ ಇಬ್ಬರೂ ಕುಣಿಮಗ್ಗದ ನೇಕಾರರು. ನೆಲದ ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು ಹಲಗೆ ತುಳಿದರೆ ಮಗ್ಗ ನಡೆಯುತ್ತದೆ. ಕಲ್ಲಪ್ಪ ಹೋದ ಮೇಲೆ ಅವನ ಕುಣಿಗೆ ಮಣ್ಣು ತುಂಬಿ ಸಾರಿಸಿದರು. ಬುಟ್ಟಿಯಲ್ಲಿ ಆ ಮಣ್ಣು ಹೊತ್ತು ಹಾಕಿದವನು ಮುರಿಗೆಪ್ಪನೇ. ಅದೇ ಪಡಸಾಲೆಯಲ್ಲಿ, ಎರಡು ಮಾರು ಆಚೆ, ಅವನ ಕುಣಿ.

ಮರುವರ್ಷ ಡಾಕ್ಟರು ಅವನಿಗೂ ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಕೊಟ್ಟರು. ಊಟದ ಬಗ್ಗೆ, ಕಾಲಿನ ಬಗ್ಗೆ ಏನೇನೋ ಹೇಳಿದರು. ಹೆದರಿಕೆಯಲ್ಲಿ ಒಂದು ಮಾತೂ ತಲೆಗೆ ಇಳಿಯಲಿಲ್ಲ. ಮನೆಗೆ ಬಂದವನೇ ಕಲ್ಲಹೊಳೆ ಮಠದ ಶ್ರೀ ಸೊನ್ನಯ್ಯ ಶರಣರಿಗೆ ಹರಕೆ ಹೊತ್ತ. ಒಂಬತ್ತು ಸೋಮವಾರ ಏಳು ಮೈಲಿ ಬರಿಗಾಲಿನಲ್ಲಿ ನಡೆದು ಮಠಕ್ಕೆ ಬರುವುದು. ಹರಕೆ ಮುಗಿಯುವ ತನಕ ಮಠದ ವಿಭೂತಿಯ ಹೊರತು ಬೇರೆ ಮದ್ದು ಮುಟ್ಟದಿರುವುದು.

ಅದು ಆರನೆಯ ಸೋಮವಾರ. ವೈಶಾಖದ ಬಿಸಿಲು. ಹಾದಿಯ ಕಲ್ಲು ಕೆಂಡವಾಗಿತ್ತು. ಅವನ ಪಾದಕ್ಕೆ ಮಾತ್ರ ಬಿಸಿಯೇ ತಾಗಿರಲಿಲ್ಲ. ಅದು ಶರಣರ ಕೃಪೆಯೆಂದು ಹಾದಿಯುದ್ದಕ್ಕೂ ಕೈಮುಗಿಯುತ್ತ ಬಂದಿದ್ದ.

ಪೂಜ್ಯ ಶರಣರು ಆ ಹೊತ್ತು ದಾಸೋಹದ ಕಟ್ಟೆಯ ಮೇಲೆ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತಿದ್ದರು. ಎಪ್ಪತ್ತು ದಾಟಿದ ದೇಹ. ಸೊಂಟಕ್ಕೊಂದು ಕಾವಿ ಪಂಚೆ. ಎಡಪಾದಕ್ಕೆ ಸದಾ ಕಾವಿಬಟ್ಟೆಯ ಸುತ್ತು. ಅವರು ಪಾದಪೂಜೆ ಮಾಡಿಸಿಕೊಂಡವರಲ್ಲ. ಭಕ್ತರು ಹಟ ಹಿಡಿದರೆ ಮರದ ಹಾವುಗೆಗಳನ್ನು ಮುಂದಿಡುತ್ತಿದ್ದರು. ಅದು ಅವರ ವಿನಯವೆಂದು ಜನ ತಿಳಿದಿದ್ದರು.

“ಬಾ ಇಲ್ಲೆ,” ಎಂದರು.

ಮುರಿಗೆಪ್ಪ ಹೋಗಿ ಕಟ್ಟೆಯ ಕೆಳಗೆ ಕುಳಿತ. ಬಲಪಾದವನ್ನು ಧೋತರದೊಳಗೆ ಎಳೆದುಕೊಂಡ.

“ಒಂದೀಟು ವಿಭೂತಿ ಕೊಡ್ರಿ ಅಜ್ಜಾರ. ಹಚ್ಚಿಕೊಂಡ್ರ ಮಾಯತೈತಿ.”

“ಅಂಗಾಲ ನೋಡಿದಿ?”

“ಇಲ್ರಿ.”

“ನೋಡು.”

“ನನ್ನ ಕೈಲೆ ಆಗೂದಿಲ್ರಿ.” ಆ ಬಿಸಿಲಿನಲ್ಲಿ ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

ಶರಣರು ಮೊರ ಬದಿಗಿಟ್ಟು ಕೆಳಗಿಳಿದರು. ನೆಲಕ್ಕೆ ಕುಳಿತು, ಅವನ ಕಾಲನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ಅಯ್ಯಯ್ಯಪ್ಪ, ಅಜ್ಜಾರ! ನಿಮ್ಮ ತೊಡಿ ಮ್ಯಾಲ ನನ್ನ ಕಾಲ! ನಾ ನರಕಕ್ಕ ಹೋಗತೀನ್ರಿ!”

“ಹೋಗೂದಾದ್ರ ಎರಡೂ ಕಾಲ ತಗೊಂಡ ಹೋಗು. ಸುಮ್ಮನ ಕೂಡೀಗ,” ಎಂದಳು ಸಾವಂತ್ರೆವ್ವ.

ಅಂಗಾಲಿನ ಬೊಬ್ಬೆ ಒಡೆದಿತ್ತು. ಕಿರುಬೆರಳ ಬುಡದಲ್ಲಿ ಒಂದು ಕಲ್ಲಿನ ಚೂರು ಒಳಗೆ ಇಳಿದಿತ್ತು. ಅದು ಇಂದಿನದಲ್ಲ. ಸುತ್ತ ಕಪ್ಪಾಗಿತ್ತು. ಶರಣರು ಬಗ್ಗಿ ಮೂಸಿದರು.

“ಗುಳಿಗಿ?”

“ಬಿಟ್ಟೀನ್ರಿ. ನಿಮ್ಮ ಮ್ಯಾಲ ಭಕ್ತಿ ಇಟ್ಟು ಬಿಟ್ಟೀನ್ರಿ.”

“ಇದು ಭಕ್ತಿ ಅಲ್ಲ. ಅಂಜಿಕಿ.”

ಶರಣರು ಗಾಯವನ್ನು ತೊಳೆದು ಮಡಿಬಟ್ಟೆ ಸುತ್ತಿದರು. ಪೇಟೆಯ ದವಾಖಾನೆಗೆ ಗಾಡಿ ಹೂಡಲು ಅಪ್ಪಣೆಯಾಯಿತು. ದವಾಖಾನೆ ಎಂಬ ಮಾತು ಕೇಳಿದ್ದೇ ಮುರಿಗೆಪ್ಪ ಎದ್ದ. ಹೆಬ್ಬಾಗಿಲಿನತ್ತ ಓಡಿದ. ಓಡಿದಷ್ಟೂ ಕಲ್ಲಿನ ಮೇಲೆ ಗುರುತು ಬಿತ್ತು.

“ಬೆರಳ ಅಂತಾರ, ಆಮ್ಯಾಲ ಪಾದ ಅಂತಾರ! ನಾ ಕಂಡೀನ್ರಿ! ನಾನ ಮಣ್ಣ ಹಾಕೀನ್ರಿ ಕುಣಿಗೆ!”

“ಮುರಿಗೆಪ್ಪಾ.”

ಅವನು ನಿಂತ. ಶರಣರು ತಮ್ಮ ಎಡಪಾದದ ಬಟ್ಟೆ ಬಿಚ್ಚುತ್ತಿದ್ದರು. ಇಪ್ಪತ್ತು ವರ್ಷ ಆ ಮಠದ ಕಸ ಹೊಡೆದ ಸಾವಂತ್ರೆವ್ವನೂ ಆ ಪಾದ ಕಂಡವಳಲ್ಲ. ಸುತ್ತು ಕಳಚಿತು. ಹೆಬ್ಬೆರಳಿತ್ತು. ಅದರ ಪಕ್ಕದ್ದು ಇತ್ತು. ಉಳಿದ ಮೂರರ ಜಾಗದಲ್ಲಿ ನುಣ್ಣಗೆ ಮಾಯ್ದ ಚರ್ಮ.

ಸಾವಂತ್ರೆವ್ವನ ಕೈಯಿಂದ ಕಸಬರಿಗೆ ಬಿತ್ತು.

“ನನಗೂ ಅದ ಬ್ಯಾನಿ,” ಎಂದರು ಶರಣರು. “ಹನ್ನೊಂದು ದಿನ ನೋಡಲಿಲ್ಲ. ಅಂಜಿದ್ದೆ. ಮೂರು ಹೋದುವು. ಹನ್ನೆರಡನೇ ದಿನ ನೋಡಿದೆ. ಕಾಲ ಉಳೀತು.”

ಬಿಚ್ಚಿದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

“ಇದನ್ನ ಮುಚ್ಚಿಟ್ಟದ್ದು ನನ್ನ ತಪ್ಪು. ತೋರಿಸಿದ್ದರ ನೀ ಬರಿಗಾಲಲೆ ಬರತಿದ್ದಿಲ್ಲ.”

ಮುರಿಗೆಪ್ಪ ತಿರುಗಿ ಬಂದು ಕಟ್ಟೆಯ ಕೆಳಗೆ ಕುಳಿತ. ಶರಣರು ಒಳಗಿನಿಂದ ತಮ್ಮ ಚರ್ಮದ ಕೆರಗಳನ್ನು ತಂದು ಅವನ ಮುಂದಿಟ್ಟರು. ಅವನು ಎರಡೂ ಕೈಯಿಂದ ಎತ್ತಿ ತಲೆಯ ಮೇಲೆ ಇಟ್ಟುಕೊಂಡ.

“ತಲಿಗಲ್ಲ. ಕಾಲಿಗೆ.”

“ಗದ್ದಿಗಿ ಮುಂದ ಕೆರಾ ಮೆಟ್ಟೂದ್ರಿ?” ಸಾವಂತ್ರೆವ್ವ ಗದ್ದುಗೆಯ ಕಡೆ ನೋಡಿ ಗಲ್ಲ ಬಡಿದುಕೊಂಡಳು.

“ಕಲ್ಲ ಮೈಲಿಗಿ ಆದ್ರ ನೀ ತೊಳೀತಿ. ಕಾಲ ಹೋದ್ರ ಎಲ್ಲಿಂದ ತರತಿ?”

ಮುರಿಗೆಪ್ಪ ಅಳುತ್ತ ಮೆಟ್ಟಿಕೊಂಡ. ಪೂಜ್ಯರೂ ಗಾಡಿ ಹತ್ತಿದರು. ಹಾದಿಯುದ್ದಕ್ಕೂ ಅವರು ಅವನ ಕೈ ಬಿಡಲಿಲ್ಲ.

ದವಾಖಾನೆಯಲ್ಲಿ ಮೂಗಿಗೆ ಮಂಪರಿನ ಮದ್ದು ಹಿಡಿದರು. ಎಚ್ಚರವಾದಾಗ ಕಾಲಿನ ಮೇಲೆ ಬಿಳಿ ಚಾದರವಿತ್ತು. ಸೊಂಟದ ಕೆಳಗೆ ಏನಿದೆ, ಏನಿಲ್ಲ, ಅವನಿಗೆ ತಿಳಿಯದು. ಅಣ್ಣನೂ ಹೀಗೆಯೇ ಚಾದರದ ಕೆಳಗೆ ಮಲಗಿದ್ದ. ಅವನ ಚಾದರ ಒಂದು ಕಡೆ ಚಪ್ಪಟೆಯಾಗಿತ್ತು. ಮುರಿಗೆಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

ಶರಣರು ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು.

“ನೋಡು,” ಎಂದರು.

“ನೀವ ಹೇಳ್ರಿ ಅಜ್ಜಾರ. ಎಷ್ಟ ಹೋತು?”

“ಕಾಲ ನಿಂದು. ನೋಡಾಂವ ನೀ.”

ಬಹಳ ಹೊತ್ತು ಹೋಯಿತು. ಅವರು ಎದ್ದು ಹೋಗಲಿಲ್ಲ. ಕೊನೆಗೆ ಮುರಿಗೆಪ್ಪ ಚಾದರದ ಅಂಚು ಹಿಡಿದ. ಎರಡು ಸಲ ಹಿಡಿದು ಬಿಟ್ಟ. ಮೂರನೆಯ ಸಲ ಎಳೆದ.

ಪಾದವಿತ್ತು. ಪಟ್ಟಿಯ ಹೊರಗೆ ನಾಲ್ಕು ಬೆರಳು ಕಂಡವು. ಮುಟ್ಟಿ ಮುಟ್ಟಿ ಎಣಿಸಿದ. ಮತ್ತೆ ಎಣಿಸಿದ.

“ದಿನಾ ನೋಡು,” ಎಂದು ಶರಣರು ಎದ್ದರು.

ಎರಡು ತಿಂಗಳು ಕಳೆದ ಮೇಲೆ ಅವನು ಕುಣಿಗೆ ಇಳಿದ. ಮೊದಲು ನೇಯ್ದದ್ದು ಸೀರೆಯಲ್ಲ. ಒಂದು ಮೊಳ ಅಗಲ, ಹದಿನೆಂಟು ಮೊಳ ಉದ್ದದ ಹಾಸು. ಬರೀ ಬಿಳಿ ನೂಲು, ಅಂಚಿಗೂ ಬಣ್ಣವಿಲ್ಲ. ಒಯ್ದು ಶರಣರ ಮುಂದಿಟ್ಟ.

“ಇದರ ಮ್ಯಾಲ ನಡದ್ರ ಗೊತ್ತಾಗತೈತ್ರಿ,” ಎಂದ. “ಯಾರ ಕಾಲಾಗ ಏನೈತಿ ಅಂತ.”

ಅಂದಿನಿಂದ ಸೋಮವಾರದ ಪದ್ಧತಿ ಬೇರೆಯಾಯಿತು. ಈ ಬೇನೆಯವರು ಕೆರ ಮೆಟ್ಟಿಕೊಂಡೇ ಮಠದ ಅಂಗಳ ದಾಟುವರು. ದಾಸೋಹದ ಹೊಸ್ತಿಲಲ್ಲಿ ಬಿಟ್ಟು, ಬಿಳಿ ಹಾಸಿನ ಮೇಲೆ ನಡೆದು ಒಳಗೆ ಹೋಗುವರು. ಊಟಕ್ಕೆ ಮೊದಲು ಎದುರುಬದುರು ಕುಳಿತು ಒಬ್ಬರ ಅಂಗಾಲನ್ನು ಒಬ್ಬರು ನೋಡುವರು. ಪೇಟೆಯಿಂದ ಕಾಂಪೌಂಡರ್ ಬಂದು ಗುಳಿಗೆಯ ಹೊತ್ತು, ಊಟದ ಅಳತೆ ತಿಳಿಸುವರು. ಸ್ನಾನದ ನೀರನ್ನು ಪಾದದಿಂದ ಪರೀಕ್ಷಿಸಬೇಡಿ, ಮೊಣಕೈಯಿಂದ ನೋಡಿ ಎಂದು ಕಲಿಸುವರು. ಮನೆಯಲ್ಲಿ ನೋಡುವವರಿಲ್ಲದವರಿಗೆ ಮಠದಿಂದ ಒಂದು ಕನ್ನಡಿ ಸಿಗುತ್ತಿತ್ತು. ಹೆದರಿದವರು ಹೆದರಿಕೆ ಹೇಳಿಕೊಳ್ಳುತ್ತಿದ್ದರು. ಅಲ್ಲಿ ನಗುವವರು ಯಾರೂ ಇರಲಿಲ್ಲ.

ಸಾಲಿನ ಮೊದಲಿಗೆ ಪೂಜ್ಯ ಶರಣರು ಎಡಪಾದ ಬಿಚ್ಚಿ ಕುಳಿತುಕೊಳ್ಳುತ್ತಿದ್ದರು. ಅದನ್ನು ನೋಡುವವಳು ಸಾವಂತ್ರೆವ್ವ.

“ಹಿಮ್ಮಡಿ ಸೀಳ್ಯಾವ ಅಜ್ಜಾರ. ಎಣ್ಣಿ ಹಚ್ಚಿಲ್ಲ ನೀವು,” ಎಂದು ಗದರುವಳು.

“ತಪ್ಪಾತವಾ,” ಎನ್ನುವರು ಶರಣರು.

ಹೊಸಬರು ಯಾರಾದರೂ ಹೊಸ್ತಿಲಲ್ಲಿ ಹಿಂಜರಿದು ನಿಂತರೆ ಮುರಿಗೆಪ್ಪ ಎದ್ದು ಹೋಗುತ್ತಿದ್ದ. ತನ್ನ ಬಲಗಾಲು ಎತ್ತಿ ತೋರಿಸುತ್ತಿದ್ದ.

ಶರಣರು ಆರು ವರ್ಷದ ಮೇಲೆ ಲಿಂಗೈಕ್ಯರಾದರು. ಮುರಿಗೆಪ್ಪ ಮತ್ತೆ ಹದಿನೇಳು ವರ್ಷ ಮಗ್ಗ ನಡೆಸಿದ. ಅವನನ್ನು ಮಣ್ಣು ಮಾಡಿದ ದಿನ ಎರಡೂ ಕಾಲು ಇದ್ದವು. ಬೆರಳು ಒಂಬತ್ತು.